ಏಳನೇ ಮಹಡಿಯ ನೀರಿನ ಟ್ಯಾಂಕು

ಪವಿ ಫೋನಿನಲ್ಲಿ ಏನೋ ಬರೆದು ಕಳಿಸಿದ್ದೇ ತಡ, ಮೇಜಿನ ಆಚೆ ಬದಿಗೆ ಊಟಕ್ಕೆ ಕೂತಿದ್ದ ಅವಳಪ್ಪ ಶರಣಪ್ಪನ ಜೇಬು ಗುಂಯ್ ಎಂದಿತು. ಶರಣಪ್ಪ ಗಬಕ್ಕನೆ ಜೇಬಿನ ಮೇಲೆ ಕೈಯಿಟ್ಟ. ಪುಣ್ಯಕ್ಕೆ ಹುಡುಗಿ ತಲೆಯೆತ್ತಲಿಲ್ಲ. ಒಳಗೆ ಹೆಂಡತಿ ಬಸವೇಶ್ವರಿ, ಭಾನುವಾರ ಸದ್ದೇ ಮಾಡಬಾರದೆನ್ನುವ ಈ ಜರ್ಮನಿಯಲ್ಲಿ ಕೆಳಗಿನ ಮನೆಯವರು ಜಗಳಕ್ಕೆ ಮೇಲೆ ಬರುತ್ತಾರೆಂದು ಹೆದರಿ, ಕದ್ದುಮುಚ್ಚಿ ಮೆಲ್ಲಗೆ ರೊಟ್ಟಿ ತಟ್ಟುತ್ತಿದ್ದಳು.

“ಪಪ್ಪಾ, ಸ್ಯಾಟರ್ಡೇ ನಾ ಕಾರ್ಲ್ಸ್‌ರುಹೆಗೆ ಹೋಗಬೇಕು. ನಮ್ಮ ಸೀರಿಯಲ್ಲಿಂದು ಫ್ಯಾನ್ಸ್ ಮೀಟ್ ಐತಿ.”

“ಒಬ್ಬಾಕೀನೇ? ರೇಗನ್ಸ್‌ಬರ್ಗಿನಿಂದ ಅಲ್ಲಿತನಕ ಐದು ತಾಸು ರೈಲು. ಯಾರದಾರ ಅಲ್ಲಿ?”

“ಹೆರ್ ಲಿನೆಯಾಲ್. ರಿಟೈರ್ಡ್ ಇಂಜಿನಿಯರ್. ಬರ್ತೀನಂತ ಈಗಷ್ಟೇ ಅವರಿಗೆ ಮೆಸೇಜ್ ಮಾಡಿದೆ.”

ಶರಣಪ್ಪನ ಬಾಯೊಳಗಿನ ತುತ್ತು ಅಲ್ಲೇ ನಿಂತಿತು. ಏಕೆಂದರೆ ಆ ಹೆರ್ ಲಿನೆಯಾಲ್, ಕನ್ನಡದಲ್ಲಿ ಹೇಳುವುದಾದರೆ ಅಡಿಪಟ್ಟಿ ಸಾಹೇಬರು, ಬೇರೆ ಯಾರೂ ಅಲ್ಲ, ಸಾಕ್ಷಾತ್ ಶರಣಪ್ಪನೇ.

ನಾಲ್ಕು ತಿಂಗಳ ಹಿಂದೆ, ಇಂಥದ್ದೇ ಒಂದು ಭಾನುವಾರ, ಪವಿ ಒಂದು ಹಾಳೆ ಹಿಡಿದು ಬಂದಿದ್ದಳು. ಅವಳು ಜೀವ ಬಿಡುವ ಸೀರಿಯಲ್ಲಿನ ಅಂತರಿಕ್ಷ ನೌಕೆಯ ನಕ್ಷೆ. ಹನ್ನೊಂದು ಮಹಡಿ, ಒಂದೊಂದು ಖೋಲಿಯೂ ಅಳತೆ ಸಮೇತ. ಮೂರನೇ ಕಂತಿನಲ್ಲಿ ಕ್ಯಾಪ್ಟನ್ನನ ಖೋಲಿಯ ಬಾಗಿಲು ಎಡಕ್ಕಿದೆ, ಒಂಬತ್ತನೆಯದರಲ್ಲಿ ಬಲಕ್ಕಿದೆ. ಸೆಟ್ ಹಾಕಿದವರ ಎಡವಟ್ಟು ಅಂತ ಊರೆಲ್ಲ ನಕ್ಕರೂ ಈ ಹದಿನೈದರ ಹುಡುಗಿ ಮಾತ್ರ ಒಪ್ಪಳು. ನಡುವೆ ನೌಕೆ ಹಿಂದಿನ ಕಾಲಕ್ಕೆ ಹೋಗಿಬಂದಿದೆ, ಅಲ್ಲಿ ಯಾರೋ ಏನೋ ಕೈಯಾಡಿಸಿದ್ದಾರೆ, ಹಾಗಾಗಿ ನೌಕೆ ಕಟ್ಟಿದ ರೀತಿಯೇ ಬದಲಾಗಿಬಿಟ್ಟಿದೆ ಎಂದು ಅವಳ ವಾದ. “ಪಪ್ಪಾ, ನೀ ಫ್ಯಾಕ್ಟರಿಯಾಗ ಡ್ರಾಯಿಂಗ್ ಚೆಕ್ ಮಾಡ್ತಿ ಅಲ್ಲ, ಇದನ್ನೂ ಮಾಡು” ಎಂದಿದ್ದಳು. ಕಾರಿನ ಬಿಡಿಭಾಗಗಳ ನಕ್ಷೆಯಲ್ಲಿ ಕೂದಲೆಳೆಯಷ್ಟು ತಪ್ಪನ್ನೂ ಬಿಡದ ಶರಣಪ್ಪ ಅದನ್ನು ತಿರುಗಿಸಿಯೂ ನೋಡಲಿಲ್ಲ. ಅಲ್ಲ, ತಿರುಗಿಸಿದ. “ಮ್ಯಾಥ್ಸಿನಾಗ ಇಷ್ಟು ತಲಿ ಓಡಿಸಿದ್ರ ಚಲೋ ಇತ್ತು” ಎನ್ನುತ್ತ, ಹಿಂಬದಿ ಖಾಲಿ ಇತ್ತಲ್ಲ, ಅಂಗಡಿಯಿಂದ ತರಬೇಕಾದ ಸಾಮಾನು ಬರೆದುಕೊಂಡ.

ಮರುದಿನ ಅಂಗಡಿಯ ಸಾಲಿನಲ್ಲಿ ನಿಂತಾಗ ಪಟ್ಟಿ ಕೈಯಲ್ಲಿ ಮಗುಚಿತು. ಆಗ ಕಣ್ಣಿಗೆ ಬಿತ್ತು: ಲಿಫ್ಟು ಏಳನೇ ಮಹಡಿಯ ನೀರಿನ ಟ್ಯಾಂಕಿನ ನಟ್ಟನಡುವೆ ಹಾದುಹೋಗಿದೆ! ಇಪ್ಪತ್ತು ವರ್ಷದ ಚಾಳಿ, ಸುಮ್ಮನಿರಲು ಆಗಲಿಲ್ಲ. ಮಗಳಿಗೆ ನೇರ ಹೇಳೋಣವೆಂದರೆ ಮುಖವಿರಲಿಲ್ಲ. ಅಭಿಮಾನಿಗಳ ವೆಬ್‌ಸೈಟಿನಲ್ಲಿ ಅವಳು ಹಾಕಿದ್ದ ಅದೇ ನಕ್ಷೆ ಹುಡುಕಿ, ಸುಳ್ಳು ಹೆಸರು, ಕಾರ್ಲ್ಸ್‌ರುಹೆ ಎಂಬ ಸುಳ್ಳು ಊರು ಹಾಕಿ, ಇಪ್ಪತ್ಮೂರು ತಪ್ಪುಗಳನ್ನು ಜರ್ಮನಿನಲ್ಲಿ ಬರೆದು ಕಳಿಸಿದ. ತಾಸೊಪ್ಪತ್ತಿನಲ್ಲಿ ಉತ್ತರ ಬಂತು: ‘ಟ್ಯಾಂಕು ಮೊದಲು ಅಲ್ಲಿರಲಿಲ್ಲ, ಕಾಲ ಬದಲಾದ ಮೇಲೆ ಬಂದದ್ದು. ನನ್ನ ನಕ್ಷೆಯನ್ನು ಇಷ್ಟು ಪೂರ್ತಿಯಾಗಿ ನೋಡಿದವರು ನೀವೊಬ್ಬರೇ. ಇನ್ನೂ ತಪ್ಪಿದ್ದರೆ ಹೇಳಿ.’ ಅಂದಿನಿಂದ ದಿನಾ ಇದೇ. ಮನೆಯಲ್ಲಿ ಹ್ಞೂಂ, ಊಹೂಂ ಎಂದು ಮಾತು ಮುಗಿಸುವ ಹುಡುಗಿ ಅಡಿಪಟ್ಟಿ ಸಾಹೇಬರಿಗೆ ಪುಟಗಟ್ಟಲೆ ಬರೆಯುತ್ತಿದ್ದಳು. ಶರಣಪ್ಪ ಕ್ಯಾಂಟೀನಿನಲ್ಲಿ ಕೂತು ಓದಿ ಹಿಗ್ಗುತ್ತಿದ್ದ, ಹಿಗ್ಗುತ್ತಲೇ ಆ ಸಾಹೇಬರ ಮೇಲೆ ಹೊಟ್ಟೆ ಉರಿದುಕೊಳ್ಳುತ್ತಿದ್ದ. ತನ್ನ ಮೇಲೆ ತನಗೇ ಹೊಟ್ಟೆಕಿಚ್ಚು, ಎಂಥಾ ಕರ್ಮ!

“ಗುರ್ತಿಲ್ಲದವರನ್ನ ಹಂಗೆಲ್ಲಾ ಭೆಟ್ಟಿ ಆಗಬಾರದವ್ವಾ,” ಎಂದ ಈಗ.

“ಗುರ್ತ ಐತಿ ಪಪ್ಪಾ! ಬೇಕಾದ್ರ ನೀನೂ ಬಾ. ಹೀ ಈಸ್ ಸೋ ನೈಸ್. ಹನ್ನೆರಡನೇ ಫ್ಲೋರ್ ಒಂದು ಡ್ರಾ ಮಾಡೇನಿ, ಸೀಕ್ರೆಟ್ ಫ್ಲೋರ್. ಯಾರಿಗೂ ತೋರಿಸಿಲ್ಲ. ಫಸ್ಟ್ ಅವರಿಗೇ.” ಹೇಳುವಾಗ ಅವಳ ಮುಖ ಅರಳಿತ್ತು. ಅವತ್ತು ಹಾಳೆ ಹಿಡಿದು ಬಂದಾಗಲೂ ಹೀಗೇ ಅರಳಿತ್ತು.

ಆ ಒಂದು ಭಾನುವಾರಕ್ಕೆ ಹೋಗಿಬರಲು ಯಾವ ನೌಕೆಯಾದರೂ ಸಿಕ್ಕಿದ್ದರೆ ಶರಣಪ್ಪ ಎಂಜಲು ಕೈಯಲ್ಲೇ ಹತ್ತಿಬಿಡುತ್ತಿದ್ದ. ಸಾಹೇಬರಿಗೆ ಕಾಯಿಲೆ ಎಂದು ಬರೆದುಬಿಡಲೇ, ಸತ್ತೇ ಹೋದರು ಅನ್ನಲೇ ಎಂದೂ ಒಂದು ಗಳಿಗೆ ಯೋಚಿಸಿದ. ಆದರೆ ಮುಖ ನೋಡದವನನ್ನು ನಂಬಿ ಇವತ್ತು ರೈಲು ಹತ್ತುತ್ತೇನೆನ್ನುವ ಹುಡುಗಿ ನಾಳೆ ಇನ್ಯಾರನ್ನು ನಂಬಿ ಹೊರಡುತ್ತಾಳೋ! ಆ ಪಾಠ ಕಲಿಸಿದವನು ತಾನೇ. ಹೇಳದೆ ವಿಧಿಯಿರಲಿಲ್ಲ. ಜೇಬಿನಿಂದ ಫೋನು ತೆಗೆದು ಅವಳ ಮುಂದಿಟ್ಟ.

“ಆ ಲಿನೆಯಾಲ್ ನಾನವ್ವಾ,” ಎಂದ. “ಸಿಟ್ಟಾಗಬ್ಯಾಡ. ನಿನ್ನ ಡ್ರಾಯಿಂಗ್ ಖರೇನೇ ಭಾಳ ಚಲೋ ಐತಿ. ಎಲ್ಲಾ ಖೋಲಿ ನೋಡೇನಿ. ಹನ್ನೆರಡನೇದ್ದೂ ತಗೊಂಬಾ, ನೋಡ್ತೀನಿ.”

ಪವಿ ಕೂಗಾಡಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು. ಅಪ್ಪನ ಫೋನಿನಲ್ಲಿ ತಾನು ಬರೆದದ್ದರ ಮೇಲೆಲ್ಲ ಮೊದಲಿನಿಂದ ಕೊನೆಯವರೆಗೆ ಕಣ್ಣಾಡಿಸಿದಳು. ಆಮೇಲೆ, ಯಾರದೋ ವಸ್ತುವನ್ನು ಅವರಿಗೇ ಒಪ್ಪಿಸುವಂತೆ, ಫೋನನ್ನು ಅವನತ್ತ ಸರಿಸಿದಳು.

“ಅಂದ್ರ ಪಪ್ಪಾ,” ಎಂದಳು, “ಕಾರ್ಲ್ಸ್‌ರುಹೆಯಾಗ ಯಾರೂ ಇಲ್ಲೇನು?”