ಕೇರೆ ಮುಟ್ಟದ ಹಾಲು

ಮುಚ್ಚಳ ತೆರೆದದ್ದೇ ತಡ, ಕೆಂಪಾಜಮ್ಮ ಸಾಕಿದ ಕೇರೆಹಾವು ಬುಟ್ಟಿಯಿಂದ ಪಟೇಲ ಮಾದಪ್ಪನ ಅಂಗಳಕ್ಕೆ ಇಳಿಯಿತು. ಅದರ ಮುಂದೆ ಒಂದು ಬಟ್ಟಲು ಹಾಲು. ಸುತ್ತ ನಿಂತ ತಾಂಡವಪುರದ ಗಂಡಸರ ಕೈಯಲ್ಲೆಲ್ಲ ದೊಣ್ಣೆ. ಪಟೇಲನ ಹಸುವಿನ ಕಾಲಿಗೆ ಸುತ್ತಿಕೊಂಡು ಹಾಲು ಕುಡಿದು ಕೆಚ್ಚಲು ಬತ್ತಿಸಿದ್ದು ಈ ಕೇರೆಯೇ ಎಂದು ಊರು ತೀರ್ಮಾನಿಸಿಬಿಟ್ಟಿತ್ತು.

“ಬಟ್ಲಿಗೆ ಬಾಯಿ ಇಕ್ಕುದ್ರೆ ಅದ್ನೂ ಬುಡಾಕಿಲ್ಲ, ನಿನ್ನೂ ಊರಲ್ಲಿ ಇರ್ಸಾಕಿಲ್ಲ,” ಎಂದ ಮಾದಪ್ಪ.

“ಕಣ್ಬುಟ್ಟು ನೋಡ್ಕಳಪ್ಪ,” ಎಂದಳು ಕೆಂಪಾಜಮ್ಮ.

ಹಾವಿನ ಮೂತಿ ಬಟ್ಟಲ ಅಂಚಿಗೆ ತಾಗಿತು. ಒಂದು ದೊಣ್ಣೆ ಮೇಲೆದ್ದಿತು. ಹಾವು ನಾಲಗೆ ಚಾಚಿ ಎಳೆದುಕೊಂಡು, ಹಾಲನ್ನು ಮುಟ್ಟದೆ, ಬಟ್ಟಲನ್ನು ಬಳಸಿ ಸರಸರನೆ ಹರಿದು ಪಟೇಲನ ಕಣಜದ ಅಡಿಗೆ ನುಗ್ಗಿತು. ಅಲ್ಲಿ ಕಿಚಕಿಚ ಸದ್ದೆದ್ದು ತಟ್ಟನೆ ನಿಂತಿತು. ತಲೆ ಹೊರಬಂದಾಗ ಅದರ ಬಾಯಲ್ಲಿತ್ತು, ಬಿತ್ತನೆ ರಾಗಿ ತಿಂದು ಕೊಬ್ಬಿದ ಇಲಿ. ಹೋದ ವರ್ಷ ಇಲಿಗಳು ಸತ್ತು ಬಿದ್ದು, ಪ್ಲೇಗಿಗೆ ಹೆದರಿ, ಮನೆಮಠ ಬಿಟ್ಟು ಹೊಲದ ಗುಡಿಸಲಲ್ಲಿ ಬದುಕಿದ ಜನ ಅವರು. ದೊಣ್ಣೆಗಳು ಒಂದೊಂದಾಗಿ ಕೆಳಗಿಳಿದವು.

ಕೆಂಪಾಜಮ್ಮ ಬುಟ್ಟಿ ಎತ್ತಿಕೊಂಡು ಹಾವಿನ ಕಡೆ ಬಾಗಿದಳು. “ಬಾರವ್ವ, ಓಗಮ. ಕಳ್ಳಿ ಅಂದೋರ ಮನೇಲಿ ನಮ್ಗೇನು ಕೆಲ್ಸ.”

ಮಾದಪ್ಪ ಅಡ್ಡ ಬಂದ. ಹಾವು ಮುಟ್ಟಿದವಳೆಂದು ಅವಳಿಗೆ ತನ್ನ ಮನೆಯ ಜಗಲಿಯನ್ನು ಅವನು ಎಂದೂ ಹತ್ತಗೊಟ್ಟಿರಲಿಲ್ಲ. ಈಗ ಹೆಗಲ ಮೇಲಿನ ವಲ್ಲಿ ತೆಗೆದು ಆ ಜಗಲಿಯ ಧೂಳನ್ನು ತಾನೇ ಒರೆಸಿದ.

“ಉಣ್ಣೋರ್ನ ಎಬ್ಬುಸ್ಬಾರ್ದು ಕಣವ್ವ,” ಎಂದ. “ಕೂತ್ಕೊ.”