ಟಾಂಗಾನಿಕಾದ ಸಿಳ್ಳು

ಸಿಳ್ಳು ಕೂಗಿತು. ಮೊಳದುದ್ದದ ಹಿತ್ತಾಳೆಯ ಉಗಿ ಎಂಜಿನ್ನು ಮೇಜಿನ ಮೇಲಿನ ಹಳಿಯಲ್ಲಿ ಮೂರು ಸುತ್ತು ಓಡಿತು. ಕ್ಲಾರೆನ್ಸ್ ಯಜಮಾನನ ಮುಖ ನೋಡಿದ.

ಅಹ್ಮದ್ ತಲೆಯಾಡಿಸಿದ. "ಸಿಳ್ಳು ಸರಿಯಿಲ್ಲ ಭಾಯ್. ನಮ್ಮ ಟಾಂಗಾನಿಕಾದ ಎಂಜಿನ್ನು ಹೀಗೆ ಕೂಗ್ತಿರಲಿಲ್ಲ. ಇನ್ನೊಮ್ಮೆ ಮಾಡು."

ಇನ್ನೊಮ್ಮೆ! ಕ್ಲಾರೆನ್ಸನಿಗೆ ಮೈಯೆಲ್ಲ ಉರಿಯಿತು. ಮುದುಕ ಹರೆಯದಲ್ಲಿ ಆಫ್ರಿಕಾದಲ್ಲಿ, ಬ್ರಿಟಿಷರ ಕತ್ತಾಳೆ ತೋಟದ ನ್ಯಾರೋಗೇಜ್ ರೈಲಿಗೆ ಸೌದೆ ಒಟ್ಟಿದವನಂತೆ. ಈಗ ಮಸ್ಕತ್ತಿನ ರೂವಿಯಲ್ಲಿ ವರ್ಕ್‌ಶಾಪ್ ಇಟ್ಟು, ಆ ಎಂಜಿನ್ನಿನ ಮಾದರಿ ಮಾಡಲೆಂದೇ ಉಡುಪಿಯಿಂದ ಫಿಟ್ಟರ್ ಕ್ಲಾರೆನ್ಸನನ್ನು ಕರೆಸಿದ್ದ. ಎಂಬತ್ತಾರರ ಈಸ್ಟರ್‌ನಿಂದ, ಒಂದೂವರೆ ವರ್ಷ, ಇದೇ ರಾಗ: ಚಿಮಣಿ ಗಿಡ್ಡ, ಚಕ್ರ ದಪ್ಪ, ಈಗ ಸಿಳ್ಳು.

ಬಿಟ್ಟು ಹೋಗೋಣವೆಂದರೆ ಪಾಸ್‌ಪೋರ್ಟ್ ಇರುವುದು ಕಫೀಲನ, ಅಂದರೆ ವೀಸಾ ಕೊಟ್ಟ ಯಜಮಾನನ, ಕೈಯಲ್ಲಿ. ಮಸ್ಕತ್ತಿನಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ. ಕ್ಲಾರೆನ್ಸ್ ಬಂದ ದಿನವೇ ಅದನ್ನು ಒಪ್ಪಿಸಿದ್ದ. ವಾರ ಕಳೆದು ಅಹ್ಮದ್ ಒಂದು ಟೂಲ್‌ಬಾಕ್ಸನ್ನೂ ಮೂರು ಬೀಗದಕೈಗಳನ್ನೂ ಮುಂದಿಟ್ಟು, "ಇನ್ನು ಇದೆಲ್ಲ ನಿನ್ನದು" ಎಂದಿದ್ದ. ಒಂದು ಗೇಟಿನದು, ಒಂದು ವರ್ಕ್‌ಶಾಪಿನದು, ಸಣ್ಣದು ಟೂಲ್‌ಬಾಕ್ಸಿನ ತಳದ ಡ್ರಾಯರಿನದು. ಆ ಡ್ರಾಯರನ್ನು ಕ್ಲಾರೆನ್ಸ್ ಇಂದಿಗೂ ತೆರೆದಿರಲಿಲ್ಲ. ಯಜಮಾನನ ಹಳೆಯ ಕಾಗದಪತ್ರ ಇರಬಹುದು. ಕಂಡವರ ಸೊತ್ತಿಗೆ ಕೈಹಾಕುವವನಲ್ಲ ಅವನು.

ಬೋನಿಗೆ ಬಿದ್ದ ಇಲಿ ಎಷ್ಟು ಪರಚಿದರೇನು! ಅಮ್ಮ ತೀರಿಕೊಂಡ ತಂತಿ ಬಂದಾಗಲೂ ಕ್ಲಾರೆನ್ಸ್ ಬಾಯಿಬಿಡಲಿಲ್ಲ. ಜ್ವರವೆಂದು ಸುಳ್ಳು ಹೇಳಿ, ಎರಡು ದಿನ ಕೋಣೆಯಲ್ಲಿ ಮಲಗಿ ಅತ್ತಿದ್ದ. ಈಗ ಬರುವ ಭಾನುವಾರ ಮಗಳು ಡಾಲಿಯ ರೋಸ್ ಶಾಸ್ತ್ರ. ಮದುವೆಯ ಮುನ್ನಾದಿನ ಮಗಳ ನೆತ್ತಿಗೆ ತೆಂಗಿನ ಹಾಲು ಹಚ್ಚಲು ಅಪ್ಪನೇ ಇಲ್ಲವೆಂದರೆ?

ಅವನು ಸ್ಪ್ಯಾನರ್ ಕೆಳಗಿಟ್ಟ.

"ಅರ್ಬಾಬ್, ಸಿಳ್ಳು ಖಲಾಸ್. ನನ್ನನ್ನು ಒಮ್ಮೆ ಊರಿಗೆ ಬಿಡಿ. ಮಗಳ ಮದುವೆ ಉಂಟು."

ಅಹ್ಮದ್ ಕಣ್ಣರಳಿಸಿದ. "ನಿನಗೆ ಮಗಳಿದ್ದಾಳಾ? ಒಂದು ದಿನ ರಜೆ ಕೇಳಿದವನಲ್ಲ ನೀನು! ಇವನಿಗೆ ಊರಲ್ಲಿ ಯಾರೂ ಇಲ್ಲ, ಕೆಲಸ ಮುಗಿದರೆ ಎಲ್ಲಿ ಹೋಗ್ತಾನೆ ಅಂತ ನಾನೇ ತಪ್ಪು ಹುಡುಕಿ ಹುಡುಕಿ ಹೇಳ್ತಿದ್ದೆ. ಹೊರಡು ಮಾರಾಯ, ಯಲ್ಲಾ!"

"ನನ್ನ ಪಾಸ್‌ಪೋರ್ಟ್..." ಕ್ಲಾರೆನ್ಸ್ ಕೈಚಾಚಿದ.

ಮುದುಕ ಟೂಲ್‌ಬಾಕ್ಸಿನ ಕಡೆಗೊಮ್ಮೆ, ಅವನ ಕಡೆಗೊಮ್ಮೆ ನೋಡಿದ.

"ವೀಸಾ ಮೊಹರು ಹಾಕಿಸಿ, ತಳದ ಡ್ರಾಯರಿನಲ್ಲಿಟ್ಟು, ಅದರ ಬೀಗದಕೈ ಅವತ್ತೇ ನಿನ್ನ ಕೈಗೆ ಕೊಟ್ಟಿದ್ದೆನಲ್ಲ!"