ಜಿರಾಫೆಗಿಲ್ಲದ ಮಾತ್ರೆ

ಸೊಪ್ಪಿನ ಹೊರೆ ಇಳಿಸಿ ನೆಟ್ಟಗಾಗಲು ಹೋದ ಪ್ರಾಣಿಪಾಲಕ, ತಲೆ ಸುತ್ತಿ ಜಿರಾಫೆ ಮನೆಯ ಕಂಬ ಹಿಡಿದುಕೊಂಡು ಹಾಗೇ ನಿಂತುಬಿಟ್ಟ. ಮೃಗಾಲಯದ ವೈದ್ಯೆ ಕೈಯಲ್ಲಿದ್ದ ಸಿರಿಂಜ್ ಅಲ್ಲೇ ಬಿಟ್ಟು ಓಡಿಬಂದಳು. ಅವನನ್ನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರಿಸಿ, ಕಚೇರಿಯಿಂದ ಬಿ.ಪಿ. ಯಂತ್ರ ತರಿಸಿ ನೋಡಿದರೆ ಮೇಲಿನ ಅಂಕಿ ನೂರ ತೊಂಬತ್ತು. ಆಸ್ಪತ್ರೆಗೆ ಒಯ್ಯಲು ಜೀಪಿಗೆ ಹೇಳಿಕಳಿಸಿದಳು.

ಮಾತ್ರೆ ತಪ್ಪಿಸಿದಿರಾ ಎಂದು ಕೇಳಿದ್ದಕ್ಕೆ, ಬಿಟ್ಟು ಒಂದು ತಿಂಗಳಾಯಿತು ಎಂದ, ಏನೋ ಘನಕಾರ್ಯ ಮಾಡಿದವನಂತೆ. ಹೆಂಡತಿ ಕೈಗಿಟ್ಟ ಮಾತ್ರೆ ದಿನವೂ ಹಿತ್ತಲಿನ ಗಿಡದ ಬುಡ ಸೇರುತ್ತಿತ್ತು. ಯಾಕೆಂದು ಕೇಳಿದರೆ, ಬೇಲಿಯಾಚೆ ಕತ್ತು ಚಾಚಿ ನಿಂತಿದ್ದ ಜಿರಾಫೆಯತ್ತ ಬೆರಳು ತೋರಿಸಿದ.

“ಶಾಲೆ ಮಕ್ಕಳಿಗೆ ನೀವೇ ಹೇಳಿದ್ರಲ್ಲ ಡಾಕ್ಟ್ರಮ್ಮ, ಇದರ ಬಿ.ಪಿ. ನಮ್ಮದರ ಎರಡರಷ್ಟು ಅಂತ. ಇದು ಆರಾಮಾಗಿದೆ. ನನಗ್ಯಾಕೆ ಮಾತ್ರೆ?”

ವೈದ್ಯೆಗೆ ನಗು ಬಂತು, ಮರುಕ್ಷಣವೇ ಭಯವಾಯಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒದೆಯಲು ಬಂದ ಜಿರಾಫೆಯ ಕಾಲಿನಿಂದ ಅವಳನ್ನು ಹಿಂದಕ್ಕೆಳೆದು ಉಳಿಸಿದ್ದವನು ಇವನೇ. ಈಗ ಅವಳ ಮಾತೇ ಇವನ ಜೀವಕ್ಕೆ ಮುಳುವಾಗಲು ಹೊರಟಿತ್ತು.

ಎದುರಿಗೇ ಕುಕ್ಕರಗಾಲಲ್ಲಿ ಕೂತು ಬಿಡಿಸಿ ಹೇಳಿದಳು. ರಕ್ತನಾಳದ ಗೋಡೆಯಲ್ಲಿ ಸ್ನಾಯುಗಳಿವೆ. ಅವು ಬಿಗಿದರೆ ನಾಳ ಕಿರಿದಾಗಿ ಒತ್ತಡ ಏರುತ್ತದೆ, ಸಡಿಲಿದರೆ ಅಗಲವಾಗಿ ಒತ್ತಡ ಇಳಿಯುತ್ತದೆ. ನಾವು ಎದ್ದು ನಿಂತಾಗ ಕಾಲಿನ ನಾಳಗಳು ತಾವಾಗಿಯೇ ಬಿಗಿದು ತಲೆಗೆ ರಕ್ತ ಸಾಲದಂತಾಗುವುದನ್ನು ತಪ್ಪಿಸುತ್ತವೆ. ಅಷ್ಟೆತ್ತರಕ್ಕೆ ರಕ್ತ ಏರಿಸಬೇಕಾದ ಜಿರಾಫೆಗೆ ನಾಳದ ಗೋಡೆ ದಪ್ಪ, ಕಾಲಿನ ಚರ್ಮವೂ ಬಿಗಿ; ಹಾಗಾಗಿ ಅದು ಆ ಒತ್ತಡ ತಾಳುತ್ತದೆ. ಇವನ ನಾಳಗಳೋ ಸುಮ್ಮನೆ ಕೂತಾಗಲೂ ಬಿಗಿದೇ ಇರುತ್ತವೆ. ಅವನ್ನು ಒಂಚೂರು ಸಡಿಲಿಸುವುದೇ ಆ ಮಾತ್ರೆಯ ಕೆಲಸ.

ಇಪ್ಪತ್ತು ವರ್ಷ ತಾನೇ ತೊಳೆದ ಜಿರಾಫೆಯ ಆ ಕಾಲುಗಳನ್ನು ಅವನು ಹೊಸದಾಗಿ ಕಂಡವನಂತೆ ನೋಡಿದ. ಕತ್ತು ಬಗ್ಗಿಸಿ ನೀರು ಕುಡಿಯುವಾಗ ತಲೆಗೆ ರಕ್ತ ನುಗ್ಗುವುದಿಲ್ಲವೇ ಎಂದು ಕೇಳಿದ. ಅದಕ್ಕೂ ಮೈಯಲ್ಲೇ ಏರ್ಪಾಡಿದೆ ಎಂದು ಅವಳು ಹೇಳಿದಾಗ ತಲೆದೂಗಿದ. ಆದರೆ ಜೀಪು ಬಂದು ನಿಂತರೂ ಮೇಲೇಳಲಿಲ್ಲ.

“ಅಭ್ಯಾಸ ಆದ್ರೆ ನನ್ನ ಮೈಯೂ ಇದರ ಹಾಗೆ ತಡ್ಕೊಳ್ಳಲ್ವಾ?”

“ಇದರ ವಂಶಕ್ಕೆ ಅಭ್ಯಾಸ ಆಗೋಕೆ ಲಕ್ಷಾಂತರ ವರ್ಷ ಹಿಡೀತು ಅಣ್ಣಾ,” ಎಂದು ವೈದ್ಯೆ ಅವನ ತೋಳು ಹಿಡಿದಳು. “ನಿಮ್ಮ ಹತ್ರ ಎಷ್ಟು ವರ್ಷ ಇದೆ?”